ಪೀಠವನ್ನೊಲ್ಲದ ಬೋಧಕರು

ನಮ್ಮ ಕೃಷ್ಣರಾಜನಗರದ ಸೀಮೆಗೆ ಸೇರಿದ ಸಾಲಿಗ್ರಾಮದಲ್ಲಿ ಶ್ರೀಪಾದತೀರ್ಥವೆಂಬ ಕೊಳವೊಂದುಂಟು. ಚೋಳದೇಶವನ್ನು ಬಿಟ್ಟು ಹೊಯ್ಸಳನಾಡಿಗೆ ಬಂದ ಶ್ರೀರಾಮಾನುಜಾಚಾರ್ಯರು ಇಲ್ಲಿ ಕೆಲಕಾಲ ನಿಂತರೆಂದೂ, ಅವರ ಪಾದೋದಕವು ಈ ಕೊಳದ ನೀರಿನೊಡನೆ ಬೆರೆಯಲು ಊರವರೆಲ್ಲರೂ ಅವರ ಶಿಷ್ಯರಾದರೆಂದೂ ಐತಿಹ್ಯ. ಈ ಊರಿನವರೇ ಆದ ವಡುಗನಂಬಿಗಳು, ಸಂಸ್ಕೃತದಲ್ಲಿ ಆಂಧ್ರಪೂರ್ಣರೆನಿಸಿಕೊಂಡವರು, ಆಚಾರ್ಯರ ಅಂತರಂಗಶಿಷ್ಯರಾದರು. ಶ್ರೀರಂಗದಲ್ಲಿ ಒಮ್ಮೆ ರಂಗನಾಥನ ಉತ್ಸವವು ಬೀದಿಗೆ ಬಂದಾಗ ದರ್ಶನಕ್ಕೆ ಬರುವಂತೆ ಆಚಾರ್ಯರು ಇವರನ್ನು ಕರೆದರಂತೆ. ಆಗ ಒಲೆಯ ಮೇಲೆ ಆಚಾರ್ಯರಿಗಾಗಿ ಹಾಲು ಕಾಯುತ್ತಿತ್ತು. ನಿಮ್ಮ ದೇವರನ್ನು ನೋಡಲು ಬಂದರೆ ನನ್ನ ದೇವರ ಹಾಲು ಉಕ್ಕಿಹೋದೀತೆಂದು ಹೇಳಿ ನಂಬಿಗಳು ಒಲೆಯ ಬಳಿಯಲ್ಲೇ ಉಳಿದರೆಂದು ಗುರುಪರಂಪರೆಯ ಕಥೆಗಳು ತಿಳಿಸುತ್ತವೆ. ಗುರುಭಕ್ತಿಗೆ ಇದಕ್ಕಿಂತ ಹಿರಿದಾದ ನಿದರ್ಶನವು ದೊರೆಯುವುದು ಕಷ್ಟ. ಅದು ನಮ್ಮ ಸೀಮೆಯ ಸೊತ್ತು ಎಂಬ ಅಭಿಮಾನವು ಬಾಲ್ಯದಿಂದಲೂ ನನಗುಂಟು.

ಇಂಥ ಸೀಮೆಯಲ್ಲಿ ಕುಳಿತು ಗುರುವಾಗಲೊಲ್ಲದವರ ಚರಿತ್ರೆಯನ್ನು ಬರೆಯಹೊರಟಿರುವುದಕ್ಕೆ ಕಾರಣವನ್ನು ಮೊದಲೇ ನಿವೇದಿಸಬೇಕು. ಸಂಸ್ಕೃತಪಾಠಶಾಲೆಯಲ್ಲಿ ಓದಿ, ಬಹುಕಾಲ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದ ಮೇಲೆ, ಶನಿವಾರದ ಸಂಜೆ ನೆರೆಯ ನಾಲ್ಕೈದು ಮನೆಗಳವರೊಡನೆ ಕುಳಿತು ಭಾಗವತವನ್ನು ಓದುವುದನ್ನು ರೂಢಿ ಮಾಡಿಕೊಂಡೆನು. ಒಬ್ಬರ ಮನೆಯ ಪಡಸಾಲೆ, ಒಂದು ಚಾಪೆ, ಒಂದು ಪುಸ್ತಕ, ಇಷ್ಟೇ ಸಂಭಾರ. ಕಳೆದ ಆಷಾಢ ಪೂರ್ಣಿಮೆಯ ದಿನ ನಾನು ಹೋದಾಗ ಚಾಪೆಯ ಮೇಲ್ಗಡೆ ಎತ್ತರದ ಒಂದು ಕುರ್ಚಿಯಿತ್ತು; ಅದರ ಮೇಲೆ ಶಾಲು, ಮುಂದೆ ತಾಮ್ರದ ತಟ್ಟೆ, ತಂಬಿಗೆಯಲ್ಲಿ ನೀರು. ಪಾದಪೂಜೆಯಾಗಬೇಕೆಂದರು. ಈಗ ಮೈಸೂರಿನಲ್ಲಿ ಅನುಕೂಲವಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು, ‘ಮೇಷ್ಟ್ರೇ, ಒಂದು ಟ್ರಸ್ಟ್ ಮಾಡೋಣ, ನಿವೇಶನ ನಾನು ನೋಡುತ್ತೇನೆ, ನೀವು ಉಪದೇಶ ಕೊಡಿ’ ಎಂದನು. ಅವನ ಕಣ್ಣಿನಲ್ಲಿ ಕಪಟವಿರಲಿಲ್ಲ. ನಾನು ಆ ಕುರ್ಚಿಯಲ್ಲಿ ಕುಳಿತುಕೊಳ್ಳಲಿಲ್ಲ. ಕುಳಿತುಕೊಳ್ಳುವುದಿಲ್ಲವೆಂದು ಗಟ್ಟಿಯಾಗಿ ಹೇಳುವ ಧೈರ್ಯವೂ ಬರಲಿಲ್ಲ. ಕಾಲಿನ ನೋವನ್ನು ನೆಪ ಮಾಡಿ ಗೋಡೆಗೊರಗಿ ಕುಳಿತೆನು; ಒಂದು ತಿಂಗಳ ಅವಧಿಯನ್ನು ಬೇಡಿಕೊಂಡೆನು. ನನಗಿಂತ ಸಾವಿರ ಪಾಲು ಯೋಗ್ಯರಾದವರು ಇಂಥ ಆಸನವನ್ನು ಹೇಗೆ ನಿರಾಕರಿಸಿದರು, ಅವರ ನಿರಾಕರಣವು ಅವರ ಮರಣಾನಂತರವೂ ನಿಂತಿತೇ ಎಂಬುದನ್ನು ಆ ಅವಧಿಯಲ್ಲಿ ವಿಚಾರಿಸಿದೆನು. ಅದರ ಫಲವೇ ಈ ಲೇಖನ.

ಮೊದಲು ಶಬ್ದದ ವಿಚಾರ. ಗುರು ಎಂದರೆ ಭಾರವುಳ್ಳದ್ದು. ಛಂದಸ್ಸಿನಲ್ಲಿ ಎರಡು ಮಾತ್ರೆಯ ಅಕ್ಷರವು ಗುರು, ಒಂದು ಮಾತ್ರೆಯದು ಲಘು ಎಂಬುದನ್ನು ಮಕ್ಕಳೂ ಬಲ್ಲರು. ಪಾಠ ಹೇಳುವ ಕಾರ್ಯವು ಒಂದು, ಪಾಠ ಹೇಳುವವನಿಗೆ ಲೋಕವು ಹೊರಿಸುವ ಭಾರವು ಇನ್ನೊಂದು. ಆಸನ, ಪಾದುಕೆ, ಬಿರುದು, ಶಿಷ್ಯವರ್ಗ, ಉತ್ತರಾಧಿಕಾರ, ಕಡೆಗೆ ಸಮಾಧಿ, ಇವೆಲ್ಲವೂ ಆ ಎರಡನೆಯದಕ್ಕೆ ಸೇರಿದುವು. ಈ ಎರಡನ್ನೂ ಬೇರೆಬೇರೆಯಾಗಿ ನೋಡುವ ದೃಷ್ಟಿ ನಮ್ಮ ಶಾಸ್ತ್ರಗಳಿಗೆ ಹೊಸದಲ್ಲ. ಭಾಗವತದ ಏಕಾದಶಸ್ಕಂಧದಲ್ಲಿ ಯದುರಾಜನನ್ನು ಕಂಡ ಅವಧೂತನು ತನಗೆ 24 ಮಂದಿ ಗುರುಗಳೆಂದು ಎಣಿಸುತ್ತಾನೆ. ಭೂಮಿ, ಗಾಳಿ, ಆಕಾಶ, ಸಮುದ್ರ, ಪಾರಿವಾಳ, ಹೆಬ್ಬಾವು, ಜೇನುಹುಳು, ಪಿಂಗಳೆಯೆಂಬ ವೇಶ್ಯೆ, ಬಳೆಯ ಸದ್ದನ್ನು ನಿಲ್ಲಿಸಿದ ಕನ್ಯೆ, ಬಾಣವನ್ನು ತಿದ್ದುತ್ತ ಪಕ್ಕದಲ್ಲಿ ಹಾದುಹೋದ ರಾಜನನ್ನೇ ಕಾಣದ ಕಮ್ಮಾರ, ಹೀಗೆ ಆ ಪಟ್ಟಿ ಬೆಳೆಯುತ್ತದೆ. ಇವರಲ್ಲಿ ಒಬ್ಬರಿಗಾದರೂ ತಾನು ಗುರುವೆಂಬ ಅರಿವಿರಲಿಲ್ಲ. ಕಲಿತವನಿದ್ದಾನೆ, ಕಲಿಕೆಯಿದೆ, ಪೀಠವಿಲ್ಲ. ಈ ಪ್ರಸಂಗವನ್ನು ಎಷ್ಟೋ ಸಲ ಪಾಠ ಮಾಡಿದ್ದ ನನಗೆ ಇದರ ಅರ್ಥವು ಮನಸ್ಸಿಗೆ ತಟ್ಟಿದುದು ಆ ಕುರ್ಚಿಯನ್ನು ಕಂಡ ಮೇಲೆಯೇ.

ಗುರುತ್ವದ ಕಟ್ಟನ್ನು ಒಳಗಿನಿಂದಲೇ ಸಡಿಲಿಸಿದವರೂ ಉಂಟು. ಯಾವ ರಾಮಾನುಜರ ಪಾದತೀರ್ಥದಿಂದ ಈ ಲೇಖನವು ಆರಂಭವಾಯಿತೋ ಅವರ ಕಥೆಯೇ ಇದಕ್ಕೆ ಸಾಕ್ಷಿ. ಗೋಷ್ಠೀಪೂರ್ಣರು ಬಹುಸಲ ಅಲೆದಾಡಿಸಿ, ಯಾರಿಗೂ ಹೇಳಕೂಡದೆಂದು ಕಟ್ಟುಮಾಡಿ ಕೊಟ್ಟ ರಹಸ್ಯಾರ್ಥವನ್ನು ಅವರು ತಿರುಕ್ಕೋಷ್ಟಿಯೂರಿನ ದೇವಾಲಯದ ಮೇಲೇರಿ ಜನರೆಲ್ಲರಿಗೂ ಸಾರಿದರೆಂದು ಸಂಪ್ರದಾಯವೇ ಹೇಳುತ್ತದೆ. ಗುರುವಿನ ಆಜ್ಞೆಯನ್ನು ಮೀರಿದ್ದಕ್ಕೆ ತನಗೊಬ್ಬನಿಗೆ ನರಕವಾದರೂ ಆಗಲಿ, ಕೇಳಿದವರೆಲ್ಲರೂ ಉದ್ಧಾರವಾಗಲಿ ಎಂಬುದು ಅವರ ಸಮಾಧಾನವಾಗಿತ್ತಂತೆ. ರಾಮಾನುಜರು ಆಚಾರ್ಯಪೀಠವನ್ನು ತ್ಯಜಿಸಿದವರಲ್ಲ. ಆದರೆ ಪೀಠದ ಬಲವು ನಿಂತಿರುವುದು ಮುಚ್ಚಿಟ್ಟುಕೊಂಡುದರ ಮೇಲೆ ಎಂಬುದನ್ನು ಕಂಡುಕೊಂಡು ಮುಚ್ಚಳವನ್ನು ತೆಗೆದವರು.

ಕನ್ನಡನಾಡಿನಲ್ಲಿ ಪೀಠನಿರಾಕರಣದ ಮಾತು ಬಂದಾಗ ಮೊದಲು ನೆನಪಾಗುವವನು ಅಲ್ಲಮಪ್ರಭು. ಹನ್ನೆರಡನೆಯ ಶತಮಾನದ ಈ ಮಹಾತ್ಮನ ಜೀವನವನ್ನು ಹರಿಹರನ ರಗಳೆ, ಚಾಮರಸನ ಪ್ರಭುಲಿಂಗಲೀಲೆ, ಶೂನ್ಯಸಂಪಾದನೆಗಳು ಬೇರೆಬೇರೆಯಾಗಿ ಚಿತ್ರಿಸುತ್ತವೆ. ಎಲ್ಲವೂ ಭಕ್ತಿಯಿಂದ ರಚಿತವಾದ ಗ್ರಂಥಗಳಾದುದರಿಂದ ಅವುಗಳನ್ನು ಇತಿಹಾಸವೆಂದು ಯಥಾವತ್ತಾಗಿ ಸ್ವೀಕರಿಸಲಾಗದು. ಆದರೂ ಅಲ್ಲಿಯ ಎರಡು ಸಂಗತಿಗಳು ಗಮನಾರ್ಹವಾಗಿವೆ. ಒಂದು, ಅಲ್ಲಮನಿಗೆ ಅನಿಮಿಷನಿಂದ ಲಿಂಗವು ದೊರೆತ ಬಗೆ. ಅನಿಮಿಷನು ಒಂದು ಮಾತನ್ನೂ ಆಡಲಿಲ್ಲ. ಅವನ ಕೈಯ ಲಿಂಗವು ಅಲ್ಲಮನ ಕೈಗೆ ಬಂದಿತು. ಕೊಟ್ಟವನ ಪ್ರಾಣವು ಹೋಯಿತು. ಉಪದೇಶವಿಲ್ಲದ ಗುರು, ಮಾತಿಲ್ಲದ ದೀಕ್ಷೆ. ಇನ್ನೊಂದು, ಕಲ್ಯಾಣದ ಶೂನ್ಯಸಿಂಹಾಸನ. ಬಸವಣ್ಣನವರು ಕಾದು ಕಟ್ಟಿಸಿದ ಆ ಪೀಠವನ್ನು ಅಲ್ಲಮನು ಏರಿದನೆಂದೇ ಗ್ರಂಥಗಳು ಹೇಳುತ್ತವೆ. ಏರಲಿಲ್ಲವೆಂದು ಹೇಳುವುದು ಸತ್ಯಕ್ಕೆ ದೂರ. ಆದರೆ ಆ ಪೀಠದ ಹೆಸರು ಶೂನ್ಯ. ಅದರಲ್ಲಿ ಕುಳಿತವನು ಅಲ್ಲಿ ನೆಲೆಯೂರಲಿಲ್ಲ. ಶ್ರೀಶೈಲದ ಕದಳಿಯ ವನಕ್ಕೆ ನಡೆದು ಬಯಲಾದನು. ಅವನ ಹೆಸರಿನ ದೇಹಸಮಾಧಿಯೊಂದನ್ನು ಆ ಗ್ರಂಥಗಳು ತೋರಿಸುವುದಿಲ್ಲ. ಹಾಗಿದ್ದೂ ಮುಂದಿನ ಕಾಲದಲ್ಲಿ ಶೂನ್ಯಪೀಠದ ಪರಂಪರೆಯವೆಂದು ಹೇಳಿಕೊಳ್ಳುವ ಮಠಗಳು ಹುಟ್ಟಿದುವು. ಬರಿದೆಂದು ಹೆಸರಿಟ್ಟ ಪೀಠಕ್ಕೂ ಉತ್ತರಾಧಿಕಾರಿಗಳು ಬಂದರು.

ಈ ಕಥೆಯು ನಮ್ಮ ಸೀಮೆಗೆ ಇನ್ನೊಂದು ದಾರಿಯಿಂದ ಬಂದಿದೆ. ನೀಲಗಾರರು ತಂಬೂರಿ ಹಿಡಿದು ರಾತ್ರಿಯೆಲ್ಲ ಹಾಡುವ ಮಂಟೇಸ್ವಾಮಿಯ ಕಾವ್ಯದಲ್ಲಿ ಮಂಟೇದಲಿಂಗಯ್ಯನನ್ನು ಅಲ್ಲಮಪ್ರಭುವೆಂದೇ ಕರೆಯುವುದುಂಟು. ಆ ಸ್ವಾಮಿಯು ಕೊಳೆತು ನಾರುವ ವೇಷದಿಂದ ಕಲ್ಯಾಣಕ್ಕೆ ಹೋಗುತ್ತಾನೆ; ಬಾಗಿಲಲ್ಲೇ ತಡೆಯಲ್ಪಡುತ್ತಾನೆ; ಒಳಗಿರುವ ಜಂಗಮವೇಷಧಾರಿಗಳಲ್ಲಿ ನಿಜವಾದ ಭಕ್ತರೆಷ್ಟು, ಹೊಟ್ಟೆಗಾಗಿ ಬಂದವರೆಷ್ಟು ಎಂಬುದನ್ನು ಒರೆಹಚ್ಚುತ್ತಾನೆ. ಪಾದಪೂಜೆಗೆ ಸಿದ್ಧವಾದ ಊರಿಗೆ ಪಾದವನ್ನು ಮುಟ್ಟಲು ಅಸಹ್ಯವಾಗುವಂಥ ರೂಪದಿಂದ ಬರುವುದು ಗುರುವೇಷದ ಮೇಲಿನ ಅತಿ ತೀಕ್ಷ್ಣವಾದ ವಿಮರ್ಶೆಯಲ್ಲವೆ? ಆದರೆ ಇದೇ ಕಾವ್ಯದಲ್ಲಿ ಆ ಸ್ವಾಮಿಯು ಪಾಂಚಾಳರ ಮನೆಯ ಕೆಂಪಾಚಾರಿಯನ್ನು ಶಿಶುಮಗನನ್ನಾಗಿ ಬೇಡಿ, ಕಠಿನವಾದ ಪರೀಕ್ಷೆಗಳಿಗೊಡ್ಡಿ, ಸಿದ್ದಪ್ಪಾಜಿಯನ್ನಾಗಿ ಮಾಡುತ್ತಾನೆ. ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದಿಗೆ, ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಗದ್ದಿಗೆ, ನಮ್ಮ ತಾಲ್ಲೂಕಿನ ಕಾವೇರಿಯ ದಡದ ಕಪ್ಪಡಿಯಲ್ಲಿ ರಾಚಪ್ಪಾಜಿ ಚೆನ್ನಾಜಮ್ಮನವರ ಗದ್ದಿಗೆ. ಶಿವರಾತ್ರಿಯ ಕಾಲದಲ್ಲಿ ಕಪ್ಪಡಿಗೆ ಹೋಗುವ ಗಾಡಿಗಳ ಸಾಲನ್ನು ಹುಡುಗನಾಗಿ ನಾನೂ ಕಂಡಿದ್ದೇನೆ. ಮೈಸೂರಿನ ಬೋಗಾದಿಯಿಂದ ಹೊರಡುವ ರಸ್ತೆಗೂ ಗದ್ದಿಗೆ ರಸ್ತೆಯೆಂದೇ ಹೆಸರು. ಹೋದವರನ್ನು ಮಣ್ಣಿನಲ್ಲಿಯಾದರೂ ಉಳಿಸಿಕೊಳ್ಳಬೇಕೆಂಬ ಪ್ರೀತಿಯಿಂದ ಗದ್ದಿಗೆಗಳು ಏಳುತ್ತವೆ. ಅವುಗಳನ್ನು ಹಳಿಯುವ ಅಧಿಕಾರ ನನಗಿಲ್ಲ. ಆದರೆ ಚರಿತ್ರೆಯು ಇಲ್ಲಿ ಒಂದು ಪಾಠವನ್ನು ಹೇಳುತ್ತದೆ: ಬದುಕಿರುವಾಗ ಪೀಠವನ್ನು ಬೇಡವೆಂದರೆ ಸಾಲದು, ಸತ್ತ ಮೇಲೆ ಏಳುವ ಪೀಠಕ್ಕೂ ಉತ್ತರ ಹೇಳಿಟ್ಟು ಹೋಗಬೇಕು.

ಈ ಮಾತಿಗೆ ಸಮೀಪಕಾಲದ ಚರಿತ್ರೆಯಲ್ಲಿ ಪುಷ್ಟಿ ದೊರೆಯುತ್ತದೆ. 1896ರ ಸೆಪ್ಟೆಂಬರ್ 1ರಂದು ಮನೆಬಿಟ್ಟ ಹುಡುಗನೊಬ್ಬನು ತಿರುವಣ್ಣಾಮಲೆಯನ್ನು ಸೇರಿದನು. 1907ರಲ್ಲಿ ಕಾವ್ಯಕಂಠ ಗಣಪತಿಮುನಿಗಳು ಅವರನ್ನು ಭಗವಾನ್ ರಮಣಮಹರ್ಷಿಗಳೆಂದು ಕರೆದರು. ಗಣಪತಿಮುನಿಗಳು ಆಶುಕವಿತ್ವದಿಂದ ಪಂಡಿತಮಂಡಲಿಯನ್ನು ಬೆರಗುಗೊಳಿಸಿದ ವಿದ್ವಾಂಸರು. ಅಂಥವರು ವೇದಾಂತಗ್ರಂಥಗಳ ಕ್ರಮವಾದ ವ್ಯಾಸಂಗವಿಲ್ಲದ ತರುಣನ ಮುಂದೆ ಕೈಮುಗಿದು ನಿಂತರೆಂಬುದು ನಮ್ಮಂಥ ಪಾಠಶಾಲೆಯವರು ಯೋಚಿಸತಕ್ಕ ವಿಷಯ. ಮಹರ್ಷಿಗಳಿಗೆ ಮಾನುಷಗುರುವಿರಲಿಲ್ಲ. ಅವರು ವಿಧ್ಯುಕ್ತವಾದ ದೀಕ್ಷೆಯನ್ನು ಯಾರಿಗೂ ಕೊಡಲಿಲ್ಲ. ಪೀಠಕ್ಕೆ ಉತ್ತರಾಧಿಕಾರಿಯನ್ನು ನೇಮಿಸಲಿಲ್ಲ. ಹಾಗಾದರೂ 1922ರಲ್ಲಿ ತಾಯಿಯವರು ತೀರಿಕೊಂಡಾಗ ಅವರ ಸಮಾಧಿಯ ಸುತ್ತಲೇ ಆಶ್ರಮವು ಬೆಳೆಯಿತು; ತಮ್ಮನಾದ ನಿರಂಜನಾನಂದಸ್ವಾಮಿಗಳು ಅದರ ಆಡಳಿತವನ್ನು ನೋಡಿಕೊಂಡರು. 1950ರ ಏಪ್ರಿಲ್ 14ರಂದು ಮಹರ್ಷಿಗಳು ದೇಹತ್ಯಾಗ ಮಾಡಿದ ಮೇಲೆ ಆಶ್ರಮದ ಆವರಣದಲ್ಲೇ ಸಮಾಧಿಯಾಯಿತು. ಅವರು ಗುರುತ್ವವನ್ನು ಹೋರಾಡಿ ತಳ್ಳಿದವರಲ್ಲ. ಅದರ ಗೊಡವೆಗೇ ಹೋಗದೆ ಇದ್ದವರು. ಆಶ್ರಮವು ತಾನಾಗಿ ಬೆಳೆಯಿತು, ಅವರು ಬೆಳೆಯಗೊಟ್ಟರು. ಪೀಠದ ಮೇಲೆ ಮುಂದೆ ಒಬ್ಬ ಮನುಷ್ಯನು ಕುಳಿತುಕೊಳ್ಳದಂತೆ ಉಳಿದುದು ಮಾತ್ರ ಅವರ ಮೌನದ ಫಲ.

ಪೀಠವನ್ನು ಹೋರಾಡಿ ತಳ್ಳಿದವರು ಜಿಡ್ಡು ಕೃಷ್ಣಮೂರ್ತಿಗಳು. ಕೋಲಾರದ ಗಡಿಗೆ ಸಮೀಪವಾದ ಮದನಪಲ್ಲಿಯಲ್ಲಿ 1895ರಲ್ಲಿ ಜನಿಸಿದ ಇವರನ್ನು 1909ರಲ್ಲಿ ಅಡಯಾರಿನ ಥಿಯಾಸಾಫಿಕಲ್ ಸೊಸೈಟಿಯ ಲೆಡ್‌ಬೀಟರರು ಗುರುತಿಸಿ, ಮುಂದೆ ಅವತರಿಸಲಿರುವ ಜಗದ್ಗುರುವಿಗೆ ಈ ಬಾಲಕನೇ ಪಾತ್ರವಾಗುವನೆಂದು ಸಾರಿದರು. 1911ರಲ್ಲಿ ಅವರಿಗಾಗಿ ನಕ್ಷತ್ರಸಂಘವು ಸ್ಥಾಪಿತವಾಯಿತು. ಮಗನನ್ನು ತನಗೆ ಒಪ್ಪಿಸಬೇಕೆಂದು ತಂದೆ ನಾರಾಯಣಯ್ಯನವರು ಆನಿ ಬೆಸೆಂಟರ ಮೇಲೆ ಹೂಡಿದ ದಾವೆಯು ಮದರಾಸಿನ ಹೈಕೋರ್ಟಿನಲ್ಲಿ ತಂದೆಯ ಪರವಾಗಿ ತೀರ್ಮಾನವಾಗಿ, 1914ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲಿನಲ್ಲಿ ತಿರುಗಿಬಿದ್ದಿತು. ಒಬ್ಬ ಹುಡುಗನನ್ನು ಗುರುವನ್ನಾಗಿ ತಯಾರಿಸುವ ಕಾರ್ಯವು ಎರಡು ಖಂಡಗಳ ನ್ಯಾಯಾಲಯಗಳನ್ನು ಹತ್ತಿಳಿದು ನಡೆಯಿತು! 1925ರಲ್ಲಿ ಪ್ರಾಣಕ್ಕೆ ಪ್ರಾಣವಾಗಿದ್ದ ತಮ್ಮ ನಿತ್ಯಾನಂದನು ಕ್ಷಯದಿಂದ ತೀರಿಕೊಂಡನು. ಅವನು ಉಳಿಯುವನೆಂಬ ಭರವಸೆಗಳೆಲ್ಲ ಸುಳ್ಳಾದುವು. 1929ರ ಆಗಸ್ಟ್ 3ರಂದು ಹಾಲೆಂಡಿನ ಓಮ್ಮೆನ್ ಶಿಬಿರದಲ್ಲಿ, ಬೆಸೆಂಟರೂ ಸುಮಾರು 3000 ಸದಸ್ಯರೂ ಕೇಳುತ್ತಿರುವಾಗ, ಕೃಷ್ಣಮೂರ್ತಿಗಳು ಸಂಘವನ್ನು ವಿಸರ್ಜಿಸಿದರು. ಸತ್ಯವನ್ನು ಸಂಘ ಕಟ್ಟಿ ತಲಪಿಸಲಾಗದು, ಯಾರೂ ತನ್ನನ್ನು ಹಿಂಬಾಲಿಸುವುದು ಬೇಡ ಎಂಬುದು ಆ ಭಾಷಣದ ಸಾರ. ಸಂಘಕ್ಕಾಗಿ ಒಬ್ಬ ಜಮೀನುದಾರನು ಕೊಟ್ಟಿದ್ದ ಏರ್ಡೆಯ ಕೋಟೆಮನೆಯನ್ನೂ ಸುಮಾರು 5000 ಎಕರೆ ಭೂಮಿಯ ಬಹುಭಾಗವನ್ನೂ ಕೊಟ್ಟವನಿಗೇ ಹಿಂದಿರುಗಿಸಲಾಯಿತು.

ನನ್ನ ಮಟ್ಟಿಗೆ ಆ ಭಾಷಣಕ್ಕಿಂತಲೂ ಹಿರಿದಾಗಿ ತೋರುವುದು ಆ ಭೂಮಿಯನ್ನು ಹಿಂದಿರುಗಿಸಿದ ಕಾರ್ಯ. ಗುರುವಲ್ಲವೆಂದು ಬಾಯಿಂದ ಹೇಳಿ ಜಮೀನಿನ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟುಕೊಳ್ಳುವುದು ಸುಲಭ. ಆದರೂ ಚರಿತ್ರಕಾರನು ಮುಖವನ್ನು ನೋಡಿ ಮಣೆ ಹಾಕಬಾರದು. ಕೃಷ್ಣಮೂರ್ತಿಗಳು ಅನಂತರವೂ ಐವತ್ತಕ್ಕೂ ಹೆಚ್ಚು ವರ್ಷ ದೇಶದೇಶಗಳಲ್ಲಿ ಮಾತನಾಡಿದರು. ಕೇಳುವವರು ಸಾವಿರಾರು ಮಂದಿ, ಮಾತನಾಡುವವರು ಒಬ್ಬರು. ಅವರ ಬರಹಗಳ, ನಿಧಿಗಳ ಆಡಳಿತ ನಡೆಸುತ್ತಿದ್ದ ಹಳೆಯ ಮಿತ್ರರೊಡನೆ 1968ರಲ್ಲಿ ವಿರಸವುಂಟಾಗಿ, ವ್ಯವಹಾರವು ನ್ಯಾಯಾಲಯದವರೆಗೂ ಹೋಯಿತು. ಹೊಸ ಪ್ರತಿಷ್ಠಾನಗಳು ಏರ್ಪಟ್ಟುವು. ಮದನಪಲ್ಲಿಯ ಬಳಿಯ ಋಷಿವ್ಯಾಲಿಯಂತೆ ನಮ್ಮ ಬೆಂಗಳೂರಿನ ಕನಕಪುರದ ದಾರಿಯಲ್ಲಿಯೂ 1978ರಲ್ಲಿ ವ್ಯಾಲಿ ಸ್ಕೂಲ್ ಎಂಬ ಶಾಲೆಯು ಆರಂಭವಾಯಿತು. ಪೀಠವನ್ನು ಮುರಿದವರಿಗೂ ಶಾಲೆ ಬೇಕಾಯಿತು, ಸಂಸ್ಥೆ ಬೇಕಾಯಿತು. ಆದರೆ ತನ್ನ ಬೋಧನೆಗೆ ತನ್ನ ನಂತರ ಅಧಿಕೃತ ವ್ಯಾಖ್ಯಾನಕಾರರಾಗಲಿ ಉತ್ತರಾಧಿಕಾರಿಗಳಾಗಲಿ ಯಾರೂ ಇರಕೂಡದೆಂದು ಅವರು ಸ್ಪಷ್ಟಪಡಿಸಿದ್ದರು. 1986ರ ಫೆಬ್ರವರಿ 17ರಂದು ಅಮೆರಿಕದ ಓಹಾಯಿಯಲ್ಲಿ ತೀರಿಕೊಂಡಾಗ ದೇಹವು ದಹನವಾಯಿತು. ಶಾಲೆಗಳು ಉಳಿದುವು, ಗದ್ದಿಗೆ ಏಳಲಿಲ್ಲ.

ಇದೇ ಥಿಯಾಸಫಿಯ ನೆರಳಿನಲ್ಲಿ ಬೆಳೆದು ಈ ಕೃಷ್ಣಮೂರ್ತಿಗಳನ್ನೂ ಒಪ್ಪದೆ ಹೋದ ಇನ್ನೊಬ್ಬ ಕೃಷ್ಣಮೂರ್ತಿಗಳುಂಟು. 1918ರ ಜುಲೈ 9ರಂದು ಮಚಲೀಪಟ್ಟಣದಲ್ಲಿ ಹುಟ್ಟಿದ ಉಪ್ಪಲೂರಿ ಗೋಪಾಲ ಕೃಷ್ಣಮೂರ್ತಿಗಳು, ಯು.ಜಿ. ಎಂದೇ ಪ್ರಸಿದ್ಧರಾದವರು, ವರ್ಷವರ್ಷವೂ ಬೆಂಗಳೂರಿಗೆ ಬಂದು ತಂಗುತ್ತಿದ್ದರು. 1972ರಲ್ಲಿ ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನ ಸಭೆಯಲ್ಲಿ ಅವರು ಒಂದು ಉಪನ್ಯಾಸ ಮಾಡಿದರು. ಅಲ್ಲಿಂದ ಮುಂದೆ ಸಾರ್ವಜನಿಕ ವೇದಿಕೆಯನ್ನೇ ತೊರೆದರು. ಮನೆಗೆ ಬಂದವರೊಡನೆ ಮಾತು, ಅದೂ ಬಹುಪಾಲು ಬಂದವರ ನಂಬಿಕೆಗಳನ್ನು ಕೆಡಹುವ ಮಾತು. ತಮ್ಮ ಮಾತುಗಳಿಗೆ ಗ್ರಂಥಸ್ವಾಮ್ಯವಿಲ್ಲ, ಯಾರಾದರೂ ಹೇಗಾದರೂ ಬಳಸಿಕೊಳ್ಳಲಿ ಎಂದು ಪುಸ್ತಕದಲ್ಲೇ ಅಚ್ಚುಮಾಡಿಸಿದರು. ಸಂಸ್ಥೆಯಿಲ್ಲ, ಸಾಧನೆಯಿಲ್ಲ, ಶಿಷ್ಯರಿಲ್ಲ. 2007ರ ಮಾರ್ಚ್ 22ರಂದು ಇಟಲಿಯಲ್ಲಿ ತೀರಿಕೊಂಡರು. ಪಾಠಶಾಲೆಯ ಸಂಸ್ಕಾರದವನಾದ ನನಗೆ ಇವರ ನಿಷ್ಠುರತೆ ರುಚಿಸುವುದಿಲ್ಲ. ಕೈಯನ್ನು ಹಿಡಿದು ನಡೆಸಲೊಲ್ಲೆನೆಂಬುದು ಒಂದು, ನಡೆಯುವ ದಾರಿಯೇ ಇಲ್ಲವೆಂಬುದು ಇನ್ನೊಂದು. ಆದರೆ ತಾನು ಹೇಳಿದುದನ್ನು ತನ್ನ ವಿಷಯದಲ್ಲಿಯೂ ಪಾಲಿಸಿದ ಗೌರವವು ಅವರಿಗೆ ಸಲ್ಲಬೇಕು.

ಇಷ್ಟರವರೆಗೆ ಹೇಳಿದವರಲ್ಲಿ ಕೆಲವರು ಪರಂಪರೆಯ ಹೊರಗೆ ನಿಂತವರು. ಪರಂಪರೆಯ ಒಳಗೇ ಇದ್ದು, ಗುರುವಿನ ಸೇವೆ ಮಾಡಿ, ಕಾವಿಯ ನಾಡಿನಲ್ಲಿ ಬಾಳಿ, ಪೀಠವನ್ನು ಒಲ್ಲೆನೆನ್ನಲು ಸಾಧ್ಯವೇ? ಸಾಧ್ಯವೆಂದು ನಮ್ಮ ಕಣ್ಣೆದುರಿಗೇ ತೋರಿಸಿಕೊಟ್ಟವರು ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರಸ್ವಾಮಿಗಳು. ಬಿಜ್ಜರಗಿಯೆಂಬ ಹಳ್ಳಿಯ ರೈತಕುಟುಂಬದಲ್ಲಿ ಜನಿಸಿ, ಬಾಲ್ಯದಲ್ಲೇ ಮಲ್ಲಿಕಾರ್ಜುನಸ್ವಾಮಿಗಳ ಆಶ್ರಯಕ್ಕೆ ಬಂದು, ತತ್ತ್ವಶಾಸ್ತ್ರದಲ್ಲಿ ಉನ್ನತ ವ್ಯಾಸಂಗ ಮಾಡಿದ ಇವರು ಉಪನಿಷತ್ತು, ಗೀತೆ, ಯೋಗಸೂತ್ರ, ವಚನಗಳನ್ನು ತಿಳಿಗನ್ನಡದಲ್ಲಿ ದಶಕಗಳ ಕಾಲ ಪ್ರವಚನ ಮಾಡಿದರು. ಕಾವಿಯನ್ನುಡದೆ ಜೇಬಿಲ್ಲದ ಬಿಳಿಯ ಅಂಗಿಯನ್ನು ತೊಟ್ಟರು. ಜೇಬೇ ಇಲ್ಲದ ಅಂಗಿಗೆ ಕಾಣಿಕೆಯನ್ನು ಹಾಕುವುದಾದರೂ ಎಲ್ಲಿ? 2018ರಲ್ಲಿ ಭಾರತಸರ್ಕಾರವು ಪದ್ಮಶ್ರೀ ಪ್ರಶಸ್ತಿಯನ್ನು ಘೋಷಿಸಿದಾಗ, ಸನ್ಯಾಸಿಯಾದ ತನಗೆ ಪ್ರಶಸ್ತಿಗಳಲ್ಲಿ ಆಸಕ್ತಿಯಿಲ್ಲವೆಂದು ಪ್ರಧಾನಮಂತ್ರಿಗಳಿಗೆ ವಿನಯದಿಂದ ಪತ್ರ ಬರೆದು ಬಿಟ್ಟುಕೊಟ್ಟರು.

ಆದರೆ ನನ್ನ ವಿಚಾರಕ್ಕೆ ಮುಖ್ಯವಾದುದು ಅವರು 2014ರ ಗುರುಪೂರ್ಣಿಮೆಯ ದಿನ ಬರೆದಿಟ್ಟ ‘ಅಂತಿಮ ಅಭಿವಂದನ ಪತ್ರ’. ತನ್ನ ದೇಹವನ್ನು ಮಣ್ಣಿನಲ್ಲಿಡದೆ ಅಗ್ನಿಗೆ ಅರ್ಪಿಸಬೇಕು. ಚಿತಾಭಸ್ಮವನ್ನು ನದಿಯಲ್ಲಿಯೋ ಸಾಗರದಲ್ಲಿಯೋ ವಿಸರ್ಜಿಸಬೇಕು. ಶ್ರಾದ್ಧಾದಿ ವಿಧಿಗಳು ಬೇಡ. ಸ್ಮಾರಕವನ್ನು ಕಟ್ಟಬಾರದು ಎಂಬುದು ಅದರ ಅಭಿಪ್ರಾಯ. ಲಿಂಗಾಯತರಲ್ಲಿ ದೇಹವನ್ನು ಸಮಾಧಿ ಮಾಡುವುದೇ ರೂಢಿ. ಆ ಸಮಾಧಿಯ ಮೇಲೆಯೇ ಗದ್ದಿಗೆ ಏಳುವುದು. ದೇಹವೇ ಬೂದಿಯಾಗಿ ನೀರಿನಲ್ಲಿ ಹರಿದುಹೋದ ಮೇಲೆ ಗದ್ದಿಗೆಯನ್ನು ಯಾವುದರ ಮೇಲೆ ಕಟ್ಟುವುದು? 2023ರ ಜನವರಿ 2ರ ವೈಕುಂಠ ಏಕಾದಶಿಯ ದಿನ ಸ್ವಾಮಿಗಳು ದೇಹವನ್ನು ಬಿಟ್ಟರು. ಲಕ್ಷಾಂತರ ಜನರು ಕಣ್ಣೀರಿಟ್ಟು ಸಾಲಿನಲ್ಲಿ ನಿಂತರು. ಮರುದಿನ ಅವರ ಇಚ್ಛೆಯಂತೆಯೇ ದಹನವಾಯಿತು. ಅನಂತರ ಭಸ್ಮವು ನೀರಿಗೆ ಸೇರಿತು. ಗುರುಗಳನ್ನು ಆರಾಧಿಸುವ ದಿನವೇ ಆ ಪತ್ರಕ್ಕೆ ಸಹಿಮಾಡಿದುದರಲ್ಲಿ ಎಷ್ಟು ಅರ್ಥವಿದೆಯೆಂಬುದನ್ನು ವಾಚಕರು ಯೋಚಿಸಬೇಕು. ತನ್ನ ಗುರುವನ್ನು ಪೂಜಿಸುವ ಕೈಯೇ ತನ್ನ ಪೂಜೆಯ ಬಾಗಿಲನ್ನು ಮುಚ್ಚಿತು. ಅಲ್ಲಮನಿಗೆ ಕದಳಿಯ ವನವು ಏನಾಗಿತ್ತೋ ಅದನ್ನು ಇವರು ಒಂದು ಕಾಗದದಲ್ಲಿ ಸಾಧಿಸಿದರು.

ಇಲ್ಲಿ ಒಂದು ಆಕ್ಷೇಪವು ಏಳುವುದು ನ್ಯಾಯವಾಗಿದೆ. ಎಲ್ಲರೂ ಪೀಠವನ್ನು ಬೇಡವೆಂದರೆ ಮಠಗಳ ಗತಿಯೇನು? ನಾನು ಓದಿದ ಪಾಠಶಾಲೆಯಲ್ಲಿ ಅನ್ನವಿಕ್ಕಿ ಅಮರಕೋಶವನ್ನು ಬಾಯಿಪಾಠ ಮಾಡಿಸಿದ್ದು ಒಂದು ಪೀಠವೇ. ತುಮಕೂರಿನ ಸಿದ್ಧಗಂಗೆಯಲ್ಲಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರಸ್ವಾಮಿಗಳು ಪೀಠದಲ್ಲಿ ಕುಳಿತೇ ದಶಕಗಳ ಕಾಲ ಸಹಸ್ರಾರು ಬಡಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟರು. ಪೀಠವು ಕಾಲವನ್ನು ದಾಟಿಸುವ ಸೇತುವೆ. ಅದಿಲ್ಲದಿದ್ದರೆ ಎಷ್ಟೋ ಗ್ರಂಥಗಳು ಗೆದ್ದಲಿಗೆ ಆಹಾರವಾಗುತ್ತಿದ್ದುವು. ಆದುದರಿಂದ ಪೀಠವನ್ನು ಒಲ್ಲದವನೆಲ್ಲ ಶ್ರೇಷ್ಠ, ಒಪ್ಪಿದವನೆಲ್ಲ ಕನಿಷ್ಠ ಎಂಬುದು ನನ್ನ ಸಿದ್ಧಾಂತವಲ್ಲ. ಅನ್ನಕ್ಕೂ ಅಕ್ಷರಕ್ಕೂ ಪೀಠವು ಬೇಕಾದೀತು. ನಿನ್ನ ಒಳಗಿನ ವಿಷಯವನ್ನು ನಿನ್ನ ಪರವಾಗಿ ನಾನು ತೀರ್ಮಾನಿಸುತ್ತೇನೆಂದು ಒಬ್ಬ ಮನುಷ್ಯನು ಇನ್ನೊಬ್ಬನಿಗೆ ಹೇಳುವ ಸ್ಥಾನವೊಂದುಂಟಷ್ಟೆ. ಈ ಬೋಧಕರು ಬೇಡವೆಂದುದು ಆ ಸ್ಥಾನವನ್ನು.

ಹೀಗೆ ನೋಡಿದರೆ, ಗುರುವಲ್ಲವೆಂಬ ಮಾತಿನ ಸತ್ಯವನ್ನು ಪರೀಕ್ಷಿಸಲು ಚರಿತ್ರೆಯು ನಾಲ್ಕು ಒರೆಗಲ್ಲುಗಳನ್ನು ಕೊಡುತ್ತದೆ. ಬಂದ ಆಸ್ತಿಯನ್ನು ಏನು ಮಾಡಿದರು? ಕೊಟ್ಟ ಬಿರುದನ್ನು ಏನು ಮಾಡಿದರು? ತಮ್ಮ ನಂತರ ಯಾರನ್ನು ಕೂರಿಸಿದರು? ತಮ್ಮ ದೇಹಕ್ಕೆ ಏನು ಹೇಳಿಟ್ಟರು? ‘ನಾನು ಗುರುವಲ್ಲ’ ಎಂಬ ಮಾತೂ ಒಂದು ಅಲಂಕಾರವಾಗಬಲ್ಲದು. ವಿನಯವನ್ನು ಕಂಡು ಜನರು ಇನ್ನಷ್ಟು ಬಾಗುತ್ತಾರೆ. ಆದರೆ ಹಿಂದಿರುಗಿಸಿದ ಭೂಮಿಯೂ, ಬಿಟ್ಟುಕೊಟ್ಟ ಪ್ರಶಸ್ತಿಯೂ, ಖಾಲಿಯಾಗಿಟ್ಟ ಆಸನವೂ, ನೀರಿಗೆ ಸೇರಿದ ಬೂದಿಯೂ ಸುಳ್ಳು ಹೇಳಲಾರವು.

ಒಂದು ತಿಂಗಳ ಅವಧಿ ಮುಗಿದ ಶನಿವಾರ ನಾನು ಪಡಸಾಲೆಗೆ ಸ್ವಲ್ಪ ಮುಂಚೆಯೇ ಹೋದೆನು. ಕುರ್ಚಿಯು ಅಲ್ಲೇ ಇದ್ದಿತು. ಮನೆಯೊಡೆಯರ ತಾಯಿಯವರಿಗೆ ಮಂಡಿನೋವು. ಅವರು ಯಾವಾಗಲೂ ಬಾಗಿಲ ಬಳಿ ಕಷ್ಟಪಟ್ಟು ಕುಳಿತು ಕೇಳುತ್ತಿದ್ದರು. ‘ಅಮ್ಮಾ, ತಾವು ಇಲ್ಲಿ ಕುಳಿತುಕೊಳ್ಳಿ’ ಎಂದು ಅವರನ್ನು ಕುರ್ಚಿಯಲ್ಲಿ ಕೂರಿಸಿದೆನು. ‘ಅಯ್ಯೋ, ಮೇಷ್ಟ್ರ ಆಸನದಲ್ಲಿ ನಾನೇ?’ ಎಂದು ಅವರು ಸಂಕೋಚಪಟ್ಟರು. ಮಂಡಿಯ ನೋವು ಸಂಕೋಚವನ್ನು ಗೆದ್ದಿತು. ಟ್ರಸ್ಟಿನ ಮಾತೆತ್ತಿದ ಹಳೆಯ ವಿದ್ಯಾರ್ಥಿಗೆ ಪುಸ್ತಕವನ್ನು ಕೊಟ್ಟು, ಆ ದಿನದ ಭಾಗವನ್ನು ಅವನೇ ಓದಿ ಅರ್ಥ ಹೇಳಬೇಕೆಂದೆನು. ಅವನು ಮೂರು ಕಡೆ ಪದಚ್ಛೇದದಲ್ಲಿ ತಪ್ಪಿದನು. ಎರಡನ್ನು ನಾನು ತಿದ್ದಿದೆನು, ಒಂದನ್ನು ಎದುರಿಗೆ ಕುಳಿತ ಕಾಲೇಜು ಹುಡುಗಿಯೊಬ್ಬಳು ತಿದ್ದಿದಳು. ಮುಂದಿನ ವಾರದ ಪಾಠವು ಅವಳದು. ನಾನು ಚಾಪೆಯ ಮೇಲೆ ಕುಳಿತು ಕೇಳುವವನಿದ್ದೇನೆ.